ಗೆಳೆಯನಿಗೊಂದು ಪತ್ರ: ಚಾರ್ಜು ಮುಗಿದಿರಲಿಲ್ಲ

ದೋಸ್ತಾ,

ಬೆಂಗಳೂರಲ್ಲಿ ಭಾರೀ ಮಳೆ ಅಂತ ಸ್ಟೇಟಸ್ ಹಾಕಿದ್ದೀಯಲ್ಲ, ಅದು ಮಳೆ ಅಲ್ಲ ಮಾರಾಯ, ಪ್ರೋಕ್ಷಣೆ. ಶಿರಸಿಗೆ ಬಾ, ತೋರಿಸುತ್ತೇನೆ. ನಿನ್ನ ಬೆಂಗಳೂರಿನ ಕೊಡೆಯನ್ನು ಮಾತ್ರ ತರಬೇಡ.

ಸಿದ್ದಾಪುರದ ಕಡೆಯ ವಂಶಾವಳಿ ಅಜ್ಜನ ಮನೆಗೆ ಕೊನೆಗೂ ಹೋಗಿಬಂದೆ. ಸುತ್ತಲಿನ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಇವರಿಗೇ ಅಂತೆ. 'ನಮಗೆ ಸೂತಕ ಹತ್ತು ದಿನವೋ, ಮೂರು ದಿನವೋ?' ಅಜ್ಜ ಎಲೆಯಡಿಕೆಯ ಕವಳ ಜಗಿಯುತ್ತಲೇ ಏಳು ತಲೆಮಾರು ಎಣಿಸಿ ತೀರ್ಪು ಕೊಡುತ್ತಾರೆ. ಅದೂ ಸುಲಭದ ಕೆಲಸವಲ್ಲ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಗಣಪತಿಯ ಮಗ ಸುಬ್ರಾಯ, ಸುಬ್ರಾಯನ ಮಗ ಮತ್ತೆ ಗಣಪತಿ. ಹಾಗಾಗಿ ಅಜ್ಜ ಹೆಸರು ನಂಬುವುದಿಲ್ಲ, ಕಥೆ ನಂಬುತ್ತಾರೆ. ಬಾವಿಗೆ ಬಿದ್ದ ಗಣಪತಿ, ಎರಡು ಮದುವೆಯ ಗಣಪತಿ, ಕಾಶಿಗೆ ಹೋಗುತ್ತೇನೆಂದು ಹೊರಟು ಇಲ್ಲೇ ಸಾಗರ ಪೇಟೆಯಿಂದ ವಾಪಸು ಬಂದ ಗಣಪತಿ.

ಈ ಕೊನೆಯವನು ನಮ್ಮ ಮನೆಯವನು. ನಗಬೇಡ.

ಈಗ ಅಸಲು ವಿಷಯ. ಆಗಸ್ಟ್ 15ಕ್ಕೆ ನಮ್ಮ ಹಳೇ ಮನೆಯ ಜಗುಲಿಯ ಫೋಟೋ ಹಾಕಿದ್ದೆ, ನೆನಪಿದೆಯಾ? 1932ರ ಕರನಿರಾಕರಣೆಯಲ್ಲಿ ಸತ್ಯಾಗ್ರಹಿ ಹೆಂಗಸರು ಇಲ್ಲಿ ಕೂತಿದ್ದರು, ನಮ್ಮ ಮುತ್ತಜ್ಜಿ ಅವರಿಗೆಲ್ಲ ಬಡಿಸಿದ್ದಳು ಅಂತ. ನೀನೂ ಬಾವುಟ ಹಾಕಿದ್ದೆ. ಅದನ್ನೇ ಅಜ್ಜನ ಎದುರು ಜೋರಾಗಿ ಹೇಳಿದೆ, ಫೋನಲ್ಲಿ ರೆಕಾರ್ಡಿಂಗ್ ಹಾಕಿಟ್ಟು.

ಅಜ್ಜ ಎದ್ದು ಹೋಗಿ ಕವಳ ಉಗಿದು ಬಂದರು. 'ಕೂತಿದ್ದು ಖರೆ ತಮಾ. ಊಟಕ್ಕೆ ಅಲ್ಲ.'

ಸಿದ್ದಾಪುರ, ಅಂಕೋಲಾ ಕಡೆಯ ರೈತರು ಆಗ ತೀರ್ವೆ, ಅಂದರೆ ಭೂಕಂದಾಯ, ಕಟ್ಟಲಿಲ್ಲ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಜೋಗದ ದಾರಿಯಲ್ಲಿ ಮಾವಿನಗುಂಡಿಯ ಸ್ಮಾರಕ ಅವರದೇ. ಅದರ ಹತ್ತಿರ ನಿಂತು ಎಷ್ಟು ಸಲ ಚಾ ಕುಡಿದಿದ್ದೇವೆ ನಾವು!

ಅಂದರೆ ಅವರು ಕೂತಿದ್ದು ನಮ್ಮ ವಿರುದ್ಧ. ಬಡಿಸಿದ ಮುತ್ತಜ್ಜಿಯನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಫೋಟೋದ ಕೆಳಗೆ ಚೆಂದ ಕಾಣಲಿ ಅಂತ ನಾನೇ ಸೇರಿಸಿದ್ದೆ.

'ಚಾರ್ಜು ಮುಗೀತು ಅಜ್ಜಾ' ಅಂದು ರೆಕಾರ್ಡಿಂಗ್ ನಿಲ್ಲಿಸಿದೆ. ಅರವತ್ತು ಪರ್ಸೆಂಟ್ ಇತ್ತು. ಅಜ್ಜ ಏನೂ ಅನ್ನಲಿಲ್ಲ, ಒಳಗೆ ಕೂಗಿ ಮೊಮ್ಮಗನ ಕೈಲಿ ಚಾರ್ಜರ್ ತರಿಸಿದರು. ಪಿನ್ನು ಸರಿಯಾಗಿ ಕೂತಿತು, ಹಾಳಾದ್ದು.

ಆ ಜಮೀನು ಈಗ ನಮ್ಮದಲ್ಲ ಬಿಡು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಅಂಥ ಜಮೀನು ಮೂಲದವರಿಗೆ ವಾಪಸು ಹೋಯಿತು. 'ಮೂಲದವರು ಯಾರು ಅಂತ ಬೇಕಾ?' ಅಂತ ಅಜ್ಜ ಕೇಳಿದರು. ಬೇಡ ಅಂದೆ. ಯಾಕೆ ಅಂದರೆ, ನಿನ್ನ ಅಜ್ಜನ ಮನೆಯೂ ಅದೇ ಸೀಮೆಯಲ್ವಾ? ಗೊತ್ತಾಗಿಬಿಟ್ಟರೆ ನಿನಗೆ ಹೇಳಬೇಕಾಗುತ್ತಿತ್ತು. ಹೇಳುತ್ತಿದ್ದೆನೋ ಇಲ್ಲವೋ, ಅದೂ ಖಾತ್ರಿಯಿಲ್ಲ.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಇನ್ನು ಚಿಕ್ಕಪ್ಪನ ಫೋನು ಬರುತ್ತದೆ, ತೋಟದಲ್ಲಿ ನೆಟ್ವರ್ಕ್ ಇಲ್ಲ ಅಂತ ಹೇಳಿದರಾಯಿತು. ಸುಳ್ಳು ನನಗೆ ಎಷ್ಟು ಸಲೀಸು ಅಂತ ನೋಡಿದೆಯಲ್ಲ.

ದೀಪಾವಳಿಗೆ ಬಾ. ಜಗುಲಿಯಲ್ಲೇ ಕೂರು. ಆದರೆ ದಮ್ಮಯ್ಯ, ಊಟ ಮಾಡಿಕೊಂಡೇ ಹೋಗು.