ಪ್ಲೇಯರ್‌ಗೆ ಲಕ್ಷ, ಮಿಕ್ಸರ್‌ಗೆ ಚಿಲ್ಲರೆ!

ಮಾನ್ಯ ಸಂಪಾದಕರೇ,

ಗಣಪತಿ ಹಬ್ಬ ಹತ್ತಿರ ಬಂತೆಂದರೆ ವಾಚಕರ ಪತ್ರಗಳಲ್ಲಿ ಡಿಜೆಗೆ ಬೈಗುಳ ಶುರು. ಬೈದಿದ್ದರಲ್ಲಿ ಮುಕ್ಕಾಲು ಪಾಲು ಸರಿಯೇ ಇರುತ್ತದೆ, ನಾನು ಜಗಳಕ್ಕೆ ಬಂದವನಲ್ಲ. ತೀರ್ಥಹಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಮೊದಲು ಕಂಬಕ್ಕೆ ಹಾರ್ನ್ ಕಟ್ಟಿ ಭಕ್ತಿಗೀತೆ ಹಾಕಿದರೆ ಮುಗೀತಿತ್ತು, ಈಗ ಆರತಕ್ಷತೆಗೂ ಡಿಜೆ ಬೇಕು, ನಾಮಕರಣಕ್ಕೂ ಬೇಕು. ಬೈಸಿಕೊಳ್ಳುವವರ ಕಡೆಯಿಂದ ಒಂದು ಪತ್ರ ಬರಲಿ ಅಂತ ಬರೆಯುತ್ತಿದ್ದೇನೆ.

ಹೋದ ವಾರ ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ಹುಡುಗ ಬೆಂಗಳೂರಿನಿಂದ ಎರಡು ಸೆಕೆಂಡ್ ಹ್ಯಾಂಡ್ ಪ್ಲೇಯರ್ ತಂದಿದ್ದಾನೆ. ಅದಕ್ಕೇ ಹೆಚ್ಚುಕಡಿಮೆ ಅಪ್ಪನ ಒಂದು ಕೊಯ್ಲಿನ ದುಡ್ಡು ಹೋಗಿದೆ. ಈಗ ಮಿಕ್ಸರ್ ಬೇಕಂತೆ. "ಮನೇಲಿ ಮಿಕ್ಸಿ ಇದೆಯಲ್ಲೋ ಅಂದೆ, ನಗ್ತಾನೆ. ಇದಕ್ಕೂ ಅಷ್ಟೇ ದುಡ್ಡು ಬೇಕಾ ಮಾರಾಯ್ರೆ?" ಅಂದರು. ಹುಡುಗ ಮಾತ್ರ, ಮಿಕ್ಸರ್ ಯಾವುದಾದರೂ ನಡೆಯುತ್ತೆ ಸಾರ್, ಚೀಪಲ್ಲಿ ನೋಡಿ, ಪ್ರತಿಧ್ವನಿಯಂಥ ಎಫೆಕ್ಟ್ ಜಾಸ್ತಿ ಇರಲಿ ಅಂದ. ನನ್ನ ತಕರಾರು ಇರುವುದು ಇಲ್ಲೇ.

ಗೊತ್ತಿಲ್ಲದವರಿಗೆ ಎರಡು ಮಾತು. ಲ್ಯಾಪ್‌ಟಾಪ್ ಇಲ್ಲದೆ, ಪೆನ್‌ಡ್ರೈವ್ ಸಿಕ್ಕಿಸಿ ಹಾಡು ನುಡಿಸುವ ಯಂತ್ರ ಈ ಪ್ಲೇಯರ್. ಪಯೋನಿಯರ್‌ನವರ ಸಿಡಿಜೆ-1000 2001ರಲ್ಲಿ ಬಂದಾಗ ಅದು ಸಿಡಿ ನುಡಿಸುತ್ತಿತ್ತು. 2009ರ ಸಿಡಿಜೆ-2000ಕ್ಕೆ ಪೆನ್‌ಡ್ರೈವ್ ಹಾಕಬಹುದಿತ್ತು, 2020ರಲ್ಲಿ ಬಂದ ಸಿಡಿಜೆ-3000ರಲ್ಲಂತೂ ಸಿಡಿ ಹಾಕುವ ಜಾಗವೇ ಇಲ್ಲ. ಡೆನಾನ್‌ನವರ ಎಸ್‌ಸಿ6000 ಕೂಡ ಅದೇ ಜಾತಿ. ಪ್ಲೇಯರ್ ಎಷ್ಟೇ ದೊಡ್ಡದಿರಲಿ, ಅದರಿಂದ ಹೊರಟ ಸದ್ದು ಆಂಪ್ಲಿಫೈಯರಿಗೆ (ಆಂಪ್), ಅಲ್ಲಿಂದ ಸ್ಪೀಕರ್ ಬಾಕ್ಸಿಗೆ ಹೋಗುವುದು, ಹಾಡುಗಳನ್ನು ಬೆರೆಸಿ ಸದ್ದು ಏರಿಳಿಸುವ ಈ ಮಿಕ್ಸರ್ ದಾಟಿಯೇ. ಹೊಸ ಬಾವಿ ತೆಗೆಸಿ ತುಕ್ಕು ಹಿಡಿದ ಪೈಪ್ ಹಾಕಿದರೆ ತೋಟಕ್ಕೆ ಬರುವ ನೀರು ಎಂಥದ್ದು ಅಂತ ಆ ಅಪ್ಪನಿಗೆ ಹೇಳಿದೆ, ಅವರಿಗೆ ತಕ್ಷಣ ಅರ್ಥವಾಯಿತು. ಮಗನಿಗೆ ಆಗಲಿಲ್ಲ.

ಹುಡುಗ ಮೊಬೈಲಿನಲ್ಲಿ ತೋರಿಸಿದ್ದು ಸ್ಕ್ರ್ಯಾಚ್ ಮಿಕ್ಸರ್, ಅಂದರೆ ಹಾಡನ್ನು ಹಿಂದೆ ಮುಂದೆ ಎಳೆದು ಕಿರುಗುಟ್ಟಿಸುವವರದ್ದು. ಸದ್ದು ಒಳಗೆ ಬರುವ ದಾರಿ ಅಂದರೆ ಚಾನೆಲ್ ಎರಡೇ, ಮಧ್ಯೆ ಒಂದು ಹಾಡಿನಿಂದ ಇನ್ನೊಂದಕ್ಕೆ ಬೆಣ್ಣೆಯಂತೆ ಜಾರುವ ಕ್ರಾಸ್‌ಫೇಡರ್ ಅನ್ನುವ ಹಿಡಿ, ಮೇಲೆಲ್ಲ ಬಣ್ಣದ ಬಟನ್. ಅದು ಬಹುಮಟ್ಟಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ನುಡಿಸುವವರಿಗೆ ಮಾಡಿದ್ದು, ಆ ಬಟನ್‌ಗಳಲ್ಲಿ ಹೆಚ್ಚಿನವು ಲ್ಯಾಪ್‌ಟಾಪ್ ಇದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಪ್ಲೇಯರ್ ಸಿಕ್ಕಿಸಿದರೆ ಹಾಡೇನೋ ಬರುತ್ತದೆ, ಆದರೆ ಅರ್ಧ ದುಡ್ಡು ಸುಮ್ನೆ ಹೋಯಿತು. ಎರಡು ಪ್ಲೇಯರ್ ಇದ್ದವರೂ ನಾಲ್ಕು ಚಾನೆಲ್‌ನದ್ದನ್ನೇ ನೋಡಬೇಕು ಅನ್ನುವವನು ನಾನು. ಮದುವೆಯಲ್ಲಿ ಹುಡುಗಿಯ ಸೋದರಮಾವ ಫೋನ್ ಹಿಡಿದು ಬಂದೇ ಬರುತ್ತಾನೆ, 'ಇದೊಂದು ಹಾಡು ಹಾಕಪ್ಪ' ಅಂತ. ಅವನ ಫೋನಿಗೊಂದು ಚಾನೆಲ್ ಬೇಡವೇ? 2023ರಲ್ಲಿ ಬಂದ ಪಯೋನಿಯರ್‌ನವರ ಡಿಜೆಎಂ-ಎ9 ಮಿಕ್ಸರ್‌ನಲ್ಲಿ ಬ್ಲೂಟೂತೇ ಕೊಟ್ಟಿದ್ದಾರೆ, ಸೋದರಮಾವಂದಿರು ಎಲ್ಲಾ ದೇಶದಲ್ಲೂ ಇದ್ದಾರೆ ಅಂತಾಯಿತು.

ನನ್ನದೇ ಒಂದು ಮರ್ಯಾದೆಗೇಡಿನ ಕಥೆ ಇದೆ, ಹೇಳಿಬಿಡುತ್ತೇನೆ. ಮೊದಲ ಸಲ ಪ್ಲೇಯರ್ ಮತ್ತು ಮಿಕ್ಸರ್ ತಂದಾಗ ಒಂದು ಪ್ಲೇಯರ್‌ನಿಂದ ಹಾಡು ಒಡೆದುಕೊಂಡು, ಗೊರಗೊರ ಅಂತ, ಹರಿದ ತಗಡು ಬಡಿದಂತೆ ಬರುತ್ತಿತ್ತು. ಕೇಬಲ್ ಬದಲಾಯಿಸಿದೆ, ಪೆನ್‌ಡ್ರೈವ್ ಬದಲಾಯಿಸಿದೆ. ಕೊನೆಗೆ ಪ್ಲೇಯರೇ ಹಾಳು ಅಂತ ರಟ್ಟಿನ ಪೆಟ್ಟಿಗೆಗೆ ತುಂಬಿ ರಾತ್ರಿ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸಿದೆ. ಹತ್ತು ದಿನ ಬಿಟ್ಟು ರಿಪೇರಿಯವರು ಫೋನ್ ಮಾಡಿ, ಇದರಲ್ಲಿ ಏನೂ ದೋಷ ಇಲ್ಲವಲ್ರೀ, ಮಿಕ್ಸರ್ ಹಿಂದೆ ಎಲ್ಲಿಗೆ ಸಿಕ್ಕಿಸಿದ್ದೀರಿ ಅಂತ ಕೇಳಿದರು. ಫೋನೊ ಅಂತ ಬರೆದ ಜಾಕಿಗೆ ಸಿಕ್ಕಿಸಿದ್ದೆ! ಫೋನೊ ಇರುವುದು ಹಳೆಯ ಕಾಲದ ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್‌ಗೆ. ಅದರ ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಹಾಗಾಗಿ ಮಿಕ್ಸರ್ ಅದನ್ನು ಸುಮಾರು ನೂರು ಪಟ್ಟು ಹೆಚ್ಚಿಸಿ, ಬೇಸನ್ನೂ ಎತ್ತಿ ಕೊಡುತ್ತದೆ. ಪ್ಲೇಯರ್‌ನಿಂದ ಬರುವ ಲೈನ್ ಸಿಗ್ನಲ್ ಮೊದಲೇ ಬಲವಾಗಿರುತ್ತದೆ, ಅದನ್ನು ಮತ್ತೆ ನೂರು ಪಟ್ಟು ಮಾಡಿದರೆ ಹರಿಯದೆ ಇನ್ನೇನಾಗುತ್ತದೆ? ಪ್ಲೇಯರ್ ಯಾವಾಗಲೂ ಲೈನ್ ಜಾಕಿಗೇ. ಕೆಲವು ಮಿಕ್ಸರ್‌ಗಳಲ್ಲಿ ಎರಡಕ್ಕೂ ಒಂದೇ ಜಾಕ್ ಇದ್ದು ಪಕ್ಕದಲ್ಲಿ ಪುಟ್ಟ ಸ್ವಿಚ್ ಇರುತ್ತದೆ, ಕತ್ತಲಲ್ಲಿ ಕೈ ತಾಗಿದರೆ ಗೋವಿಂದ.

ಇನ್ನು ಲಿಂಕ್ ಅನ್ನುವ ಮಾಯೆ. ಪ್ಲೇಯರ್‌ಗಳನ್ನು ಲ್ಯಾನ್ ಕೇಬಲ್‌ನಲ್ಲಿ ಜೋಡಿಸಿದರೆ ಒಂದೇ ಪೆನ್‌ಡ್ರೈವ್‌ನ ಹಾಡನ್ನು ಎರಡರಲ್ಲೂ ನುಡಿಸಬಹುದು. ಇದು ನಿಜಕ್ಕೂ ಉಪಯೋಗ. ಅದೇ ಕಂಪನಿಯ ದೊಡ್ಡ ಮಿಕ್ಸರ್ ಆದರೆ ಅದನ್ನೂ ಈ ಜಾಲಕ್ಕೆ ಸೇರಿಸಬಹುದು, ಆಗ ಯಾವ ಹಾಡು ಹೊರಗೆ ಕೇಳುತ್ತಿದೆ ಅಂತ ಪ್ಲೇಯರ್‌ಗೆ ಗೊತ್ತಾಗುತ್ತದೆ, ಎಫೆಕ್ಟ್‌ಗಳು ತಾಳಕ್ಕೆ ಸರಿಯಾಗಿ ಬೀಳುತ್ತವೆ. ಬೇರೆ ಕಂಪನಿಯ ಮಿಕ್ಸರ್ ತಂದರೆ ಹಾಡೇ ಬರುವುದಿಲ್ಲ ಅಂತ ಹೆದರಿಸುವವರಿದ್ದಾರೆ, ಅದು ಸುಳ್ಳು. ಸದ್ದು ಹೋಗುವುದು ಕೆಂಪು ಬಿಳಿ ಪಿನ್ನಿನ ಮಾಮೂಲಿ ಆರ್‌ಸಿಎ ಕೇಬಲ್‌ನಲ್ಲಿ, ಅದಕ್ಕೆ ಕಂಪನಿಯ ಜಾತಿ ಇಲ್ಲ. ಪ್ಲೇಯರ್‌ಗಳ ಮಧ್ಯದ ಲಿಂಕ್‌ಗೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಸಾಧಾರಣ ನೆಟ್‌ವರ್ಕ್ ಸ್ವಿಚ್ ಸಾಕು. ಡೆನಾನ್‌ನ ಎಕ್ಸ್1850 ಮಿಕ್ಸರ್‌ನಲ್ಲಿ ಅಂಥ ಸ್ವಿಚ್ ಒಳಗೇ ಇದೆ. ಲಿಂಕ್‌ಗೋಸ್ಕರ ಮಾತ್ರ ದುಬಾರಿ ಮಿಕ್ಸರ್‌ಗೆ ಸಾಲ ಮಾಡಬೇಡ ಅಂತ ಹುಡುಗನಿಗೆ ಹೇಳಿದೆ.

ನಾನು ಮೊದಲು ನೋಡುವುದು ಮಿಕ್ಸರ್‌ನ ಬೆನ್ನು. ಮುಂದಿನ ಬಟನ್ ಆಮೇಲೆ. ಬೆನ್ನಿನಲ್ಲಿ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಮಾಸ್ಟರ್ ಔಟ್, ಅಂದರೆ ಆಂಪಿಗೆ ಸದ್ದು ಕಳಿಸುವ ಜಾಕ್ ಇದೆಯೇ? ವೇದಿಕೆಯಿಂದ ಆಂಪಿಗೆ ಮೂವತ್ತು ಮೀಟರ್ ಕೇಬಲ್ ಎಳೆಯುತ್ತೇವೆ, ಪಕ್ಕದಲ್ಲೇ ಸೀರಿಯಲ್ ಸೆಟ್ಟಿನ ವೈರು, ಜನರೇಟರ್ ವೈರು. ಅಷ್ಟುದ್ದ ಆರ್‌ಸಿಎ ಎಳೆದರೆ ಗುಂಯ್ ಅನ್ನುವ ಜೇನುಗೂಡು ಕಟ್ಟುತ್ತದೆ. ಎಕ್ಸ್‌ಎಲ್‌ಆರ್‌ನಲ್ಲಿ ಒಂದೇ ಸದ್ದು ಎರಡು ತಂತಿಯಲ್ಲಿ ಉಲ್ಟಾ ಸೀದಾ ಹೋಗುವುದರಿಂದ ದಾರಿಯಲ್ಲಿ ಸೇರಿದ ಗದ್ದಲ ಕೊನೆಯಲ್ಲಿ ಕಳೆದುಹೋಗುತ್ತದೆ. ಗುಂಯ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ನನ್ನೇ ಮುರಿಯುವವರನ್ನು ನೋಡಿದ್ದೇನೆ. ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ, ಬರಿಗಾಲಲ್ಲಿ ನಿಂತು! ದಮ್ಮಯ್ಯ, ಅದೊಂದು ಮಾಡಬೇಡಿ.

ಎರಡನೆಯದು ಬೂತ್ ಔಟ್. ನಿಮ್ಮ ವಾಚಕರ ಸಿಟ್ಟಿಗೂ ಇದಕ್ಕೂ ನೇರ ಸಂಬಂಧ ಇದೆ. ಬಾಕ್ಸ್‌ಗಳು ಜನರ ಕಡೆ ಮುಖ ಮಾಡಿರುತ್ತವೆ, ಡಿಜೆ ಹುಡುಗ ಅವುಗಳ ಹಿಂದೆ ನಿಂತಿರುತ್ತಾನೆ. ಅವನಿಗೆ ಕೇಳುವುದು ದುಮ್ ದುಮ್ ಮಾತ್ರ, ಜೊತೆಗೆ ಎದುರಿನ ಗೋಡೆಗೆ ಬಡಿದು ವಾಪಸ್ ಬಂದ ಸದ್ದು. ಗೋಡೆ 17 ಮೀಟರ್ ದೂರ ಇದ್ದರೆ ಆ ಸದ್ದು 0.1 ಸೆಕೆಂಡ್ ತಡ. ಅಷ್ಟು ತಡದಲ್ಲಿ ಎರಡು ಹಾಡಿನ ತಾಳ ಕೂಡಿಸುವುದು ಕಷ್ಟ, ಹಾಗಾಗಿ ಅವನು ಏನು ಮಾಡುತ್ತಾನೆ? ಮಾಸ್ಟರ್ ನಾಬ್ ತಿರುಗಿಸುತ್ತಾನೆ. ಇನ್ನೊಂದು ಚೂರು, ಮತ್ತೊಂದು ಚೂರು. ಅಲ್ಲಿ ಮುಂದಿನ ಸಾಲಿನ ಅಜ್ಜಿ ಎದೆ ಹಿಡಿದುಕೊಳ್ಳುತ್ತಾರೆ. ಬೂತ್ ಔಟ್ ಇರುವ ಮಿಕ್ಸರ್ ಆದರೆ ಅವನ ಕಿವಿಯ ಪಕ್ಕಕ್ಕೊಂದು ಸಣ್ಣ ಸ್ಪೀಕರ್, ಅದಕ್ಕೆ ಬೇರೆಯದೇ ನಾಬ್. ತನಗೆ ಬೇಕಾದಷ್ಟು ಅವನು ಏರಿಸಿಕೊಳ್ಳಲಿ, ಊರಿಗೆ ಹೋಗುವ ಸದ್ದು ಇದ್ದಲ್ಲೇ ಇರುತ್ತದೆ. ನನ್ನ ಹುಡುಗರಿಗೆ ಇದನ್ನು ಕೊಟ್ಟ ಮೇಲೆ ಛತ್ರದವರ ಜಗಳ ಅರ್ಧ ನಿಂತಿದೆ. ಇನ್ನರ್ಧ ಕುಡಿದು ಬಂದು 'ವಾಲ್ಯೂಮ್ ಕೊಡೋ' ಅನ್ನುವವರದ್ದು, ಅದಕ್ಕೆ ಯಾವ ಮಿಕ್ಸರ್‌ನಲ್ಲೂ ನಾಬ್ ಇಲ್ಲ.

ಕಾನೂನೂ ಎಲ್ಲರಿಗೂ ಗೊತ್ತಿರಲಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ. ಮಿಕ್ಸರ್‌ನ ಮೀಟರ್ ಕೆಂಪಿಗೆ ಹೋದರೆ ಸದ್ದು ದೊಡ್ಡದಾಗುವುದಕ್ಕಿಂತ ಒಡೆಯುವುದೇ ಜಾಸ್ತಿ, ಬಾಕ್ಸ್‌ನಲ್ಲಿ ತಾರಕದ ಸದ್ದು ನುಡಿಸುವ ಪುಟ್ಟ ಸ್ಪೀಕರ್ (ಟ್ವೀಟರ್) ಸುಟ್ಟುಹೋಗುವುದೂ ಹಾಗೆಯೇ. ಹಸಿರಿನಲ್ಲಿ ಓಡಿಸಿ, ಹಳದಿ ಆಗಾಗ ಮಿನುಗಲಿ, ಸಾಕು.

ಮೈಕ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡಿಜೆ ಮಿಕ್ಸರ್‌ನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಮೈಕ್ ಜಾಕ್ ಇರುತ್ತವೆ. ನಮ್ಮ ಮದುವೆಯಲ್ಲಿ ಪುರೋಹಿತರಿಗೊಂದು, ವಾಲಗದವರಿಗೆ ಎರಡು, ನಿರೂಪಣೆಗೊಂದು. ಅದಕ್ಕೆಲ್ಲ ಬೇರೆಯೇ ಸಣ್ಣ ಮೈಕ್ ಮಿಕ್ಸರ್ ಇಟ್ಟು, ಡಿಜೆ ಮಿಕ್ಸರ್‌ನ ಮಾಸ್ಟರನ್ನು ಅದರ ಎರಡು ಚಾನೆಲ್‌ಗೆ ಕೊಡಿ. ಡಿಜೆ ಮನೆಗೆ ಹೋದರೂ ಮಂತ್ರ ನಿಲ್ಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ತರುವವರಿಗೆ ಮಲೆನಾಡಿನದೇ ಒಂದು ಎಚ್ಚರಿಕೆ. ಆಗುಂಬೆ ಪಕ್ಕದ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸು ಹಿಡಿಯುತ್ತದೆ, ಫೇಡರ್ ಬಿಡುತ್ತದೆಯೇ? ತಂದ ದಿನವೇ ಒಂದೊಂದು ಫೇಡರನ್ನೂ ಹಾಡು ಓಡುತ್ತಿರುವಾಗ ಮೆಲ್ಲಗೆ ಎಳೆದು ನೋಡಿ, ಕರಕರ ಅಂದರೆ ಬೆಲೆ ಇಳಿಸಿ. ಫೇಡರ್ ಬದಲಾಯಿಸಲು ಬರುವ, ಬಿಡಿಭಾಗ ಸಿಗುವ ಮಾಡೆಲ್ ಮಾತ್ರ ತನ್ನಿ. ಹೊಲಿಗೆ ಯಂತ್ರದ ಎಣ್ಣೆ ಬಿಡಬೇಡಿ, ಎರಡೇ ತಿಂಗಳಲ್ಲಿ ದೂಳು ಅಂಟಿ ಅಂಬಲಿಯಾಗುತ್ತದೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.

ಛತ್ರದ ಮಾಲೀಕರಲ್ಲಿ ಒಂದು ಬೇಡಿಕೆ ಇದೆ. ಲಕ್ಷಗಟ್ಟಲೆ ಕೊಟ್ಟು ಗೊಂಚಲು ದೀಪ ಹಾಕಿಸುತ್ತೀರಿ, ವೇದಿಕೆ ಹತ್ತಿರ ಸರಿಯಾದ ಅರ್ಥಿಂಗ್ ಇರುವ ಬೇರೆ ಲೈನ್ ಒಂದನ್ನು ಎಳೆಸಿಕೊಡಿ. ಅಡುಗೆಮನೆಯ ಗ್ರೈಂಡರ್ ಮತ್ತು ನಮ್ಮ ಮಿಕ್ಸರ್ ಒಂದೇ ಲೈನಿನಲ್ಲಿದ್ದರೆ ಪಾಯಸಕ್ಕೆ ಕಾಯಿ ರುಬ್ಬುವುದೂ ಬಾಕ್ಸ್‌ನಲ್ಲಿ ಕೇಳುತ್ತದೆ.

ಆ ಹುಡುಗನಿಗೆ ಸದ್ಯಕ್ಕೆ ಏನೂ ಕೊಳ್ಳಬೇಡ ಅಂದೆ. ನನ್ನ ಹಳೆಯ ನಾಲ್ಕು ಚಾನೆಲ್ ಮಿಕ್ಸರನ್ನು ಅರ್ಧ ಬಾಡಿಗೆಗೆ ಒಯ್ದು ಮೂರು ಮದುವೆ ಮಾಡಿ ನೋಡಲಿ, ಆಮೇಲೆ ತನಗೆ ಯಾವುದು ಬೇಕು ಅಂತ ಅವನಿಗೇ ತಿಳಿಯುತ್ತದೆ. ಹುಡುಗನ ಮುಖ ಸಣ್ಣದಾಯಿತು. ಅಪ್ಪ ಮಾತ್ರ ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, "ಆ ಫೋನೊ ಜಾಕಿಗೆ ಒಂದು ಟೇಪ್ ಅಂಟಿಸಿ ಕೊಡಿ ಮಾರಾಯ್ರೆ" ಅಂದರು. ಅಂಟಿಸಿದ್ದೇನೆ.

ಇತಿ ನಿಮ್ಮ ಓದುಗ,
ಒಬ್ಬ ಮೈಕ್‌ಸೆಟ್ ಅಂಗಡಿಯವ, ತೀರ್ಥಹಳ್ಳಿ