ಅಪ್ಪನಿಗೆ ಇದ್ದದ್ದು ಟಿಬಿ ಅಲ್ಲ: ಆರೋಗ್ಯ ಸಚಿವರಿಗೆ ಮಂಡ್ಯದಿಂದ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಮ್ಮಪ್ಪ ಮೂವತ್ತು ವರ್ಷ ಆಲೆಮನೆಯ ಒಲೆ ಮುಂದೆ ಕೂತು ಕಬ್ಬಿನ ಸಿಪ್ಪೆ ಹಾಕಿದವರು. ಆ ಹೊಗೆ ಕುಡಿದು ಕುಡಿದು ಉಬ್ಬಸ ಹಿಡಿಯಿತು. ಶ್ವಾಸನಾಳ ಕಟ್ಟಿಕೊಂಡು ಉಸಿರಾಡಲು ಕಷ್ಟವಾಗುವ ಈ ಕಾಯಿಲೆಗೆ ಡಾಕ್ಟರು ಸಿಒಪಿಡಿ ಅನ್ನುತ್ತಾರೆ.

ಹೋದ ವರ್ಷ ಕೆಮ್ಮು ಜಾಸ್ತಿಯಾಯಿತು, ತೂಕ ಇಳಿಯಿತು. ಒಂದು ಆಸ್ಪತ್ರೆಯಲ್ಲಿ ಕಫವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಟಿಬಿ ಅಂದರು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರು. ಮನೆಯಲ್ಲಿ ಅವರ ಲೋಟ ಬೇರೆಯಾಯಿತು. ಗುರುತಿಗೆ ಅಂತ ಅಮ್ಮ ಅದಕ್ಕೆ ಕೆಂಪು ದಾರ ಕಟ್ಟಿದರು. ಮೊಮ್ಮಗಳು ಹತ್ತಿರ ಬಂದರೆ ಅಪ್ಪನೇ "ದೂರ ಇರವ್ವ" ಅನ್ನುತ್ತಿದ್ದರು. ಕೆಮ್ಮು ಹಾಗೇ ಇತ್ತು.

ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ಎರಡು ಸಲ ಕಫವನ್ನು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರು. ವಾರಗಟ್ಟಲೆ ಕಾದೆವು. ಎರಡರಲ್ಲೂ ಬೆಳೆದದ್ದು ಎನ್‌ಟಿಎಂ (ನಾನ್-ಟ್ಯೂಬರ್ಕ್ಯುಲಸ್ ಮೈಕೋಬ್ಯಾಕ್ಟೀರಿಯಾ) ಅನ್ನುವ ಕ್ರಿಮಿ. ಟಿಬಿ ಕ್ರಿಮಿಯ ದಾಯಾದಿ, ಆದರೆ ಟಿಬಿ ಅಲ್ಲ. ಇವುಗಳಲ್ಲಿ ಸುಮಾರು 200 ಬಗೆ ಇವೆಯಂತೆ. ಮಣ್ಣಲ್ಲಿ, ನಲ್ಲಿ ನೀರಲ್ಲಿ ಇರುತ್ತವೆ. ಗಟ್ಟಿ ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಹಳೆಯ ಉಬ್ಬಸದಿಂದ, ಹಿಂದೆ ಬಂದು ಹೋದ ಟಿಬಿಯಿಂದ ಹಾಳಾದ ಶ್ವಾಸಕೋಶದಲ್ಲಿ ಮನೆ ಮಾಡಿಕೊಳ್ಳುತ್ತವೆ. ಒಬ್ಬರಿಂದ ಒಬ್ಬರಿಗೆ ಅಂಟುವುದು ತೀರಾ ಅಪರೂಪ. ಆ ದಾರ ಬೇಕೇ ಇರಲಿಲ್ಲ. ಕತ್ತರಿಸುವಾಗ ಅಮ್ಮ ಅತ್ತುಬಿಟ್ಟರು.

ಮೈಕ್ರೋಸ್ಕೋಪಿನಲ್ಲಿ ಟಿಬಿ ಕ್ರಿಮಿ, ಎನ್‌ಟಿಎಂ ಎರಡೂ ಒಂದೇ ಥರ ಕಾಣುತ್ತವೆ. ಕಫ ಪರೀಕ್ಷೆ ಮಾಡುವ ಸಿಬಿನಾಟ್ ಯಂತ್ರ ಟಿಬಿ ಕ್ರಿಮಿ ಇದೆಯೋ ಇಲ್ಲವೋ ಹೇಳುತ್ತದೆ, ಎನ್‌ಟಿಎಂ ಅನ್ನು ಗುರುತಿಸುವುದಿಲ್ಲ. ಕ್ರಿಮಿ ಕಾಣಿಸಿಯೂ ಸಿಬಿನಾಟಿನಲ್ಲಿ ಟಿಬಿ ಬರದಿದ್ದರೆ ಅಲ್ಲೇ ಅನುಮಾನ ಬರಬೇಕು, ಅಲ್ವಾ? ಅಪ್ಪನಿಗೆ ಆ ಪರೀಕ್ಷೆ ಮಾಡಿಯೇ ಇರಲಿಲ್ಲ. ನನಗೆ ಜಾಸ್ತಿ ಸಂಕಟ ಆಗುವುದು ಇದಕ್ಕೇ.

ಬಗೆ ಗೊತ್ತಾಗದೆ ಔಷಧಿ ಕೊಡುವಂತಿಲ್ಲ. ಅಬ್ಸೆಸಸ್ ಅನ್ನುವ ಬಗೆಗೆ ಮಾಮೂಲಿ ಟಿಬಿ ಮಾತ್ರೆ ನಾಟುವುದೇ ಇಲ್ಲ. ಅಪ್ಪನದು ಏವಿಯಂ ಗುಂಪಿನದು. ಅಜಿಥ್ರೋಮೈಸಿನ್ ಸೇರಿ ಮೂರು ಔಷಧಿ. ಕಲ್ಚರ್‌ನಲ್ಲಿ ಕ್ರಿಮಿ ಬೆಳೆಯುವುದು ನಿಂತ ಮೇಲೂ 12 ತಿಂಗಳು ತಗೋಬೇಕು. ಟಿಬಿ ಅಂದಾಗ ಮಾತ್ರೆ ಉಚಿತ ಇತ್ತು, ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬರುತ್ತಿತ್ತು. ಟಿಬಿ ಅಲ್ಲ ಅಂದ ಮೇಲೆ ಎರಡೂ ನಿಂತವು. ಈಗ ಎಲ್ಲ ಕೈಯಿಂದಲೇ.

ಸಾರ್, ಉಬ್ಬಸ ಇರುವವರ ಕಫದಲ್ಲಿ ಕ್ರಿಮಿ ಕಂಡರೆ ಸಿಬಿನಾಟ್ ಮಾಡಿಸಿ. ಅದರಲ್ಲಿ ಟಿಬಿ ಬರದಿದ್ದರೆ ಕಲ್ಚರ್ ಮಾಡಿಸಿ, ಯಾವ ಬಗೆ ಅಂತ ಪತ್ತೆ ಮಾಡುವ ತನಕ ಕಫದ ಡಬ್ಬಿ ಜಿಲ್ಲೆಯಿಂದಲೇ ಮುಂದೆ ಹೋಗುವ ಏರ್ಪಾಡು ಮಾಡಿ. ಎನ್‌ಟಿಎಂ ಬಂದವರಿಗೂ ಸರ್ಕಾರಿ ಆಸ್ಪತ್ರೆಯಲ್ಲೇ ಔಷಧಿ ಸಿಗಲಿ.

ನಮ್ಮೂರ ಇನ್ನೊಂದು ಆಲೆಮನೆಯಲ್ಲಿ ಒಬ್ಬರು ಈಗ ಎರಡನೇ ಸಲ ಟಿಬಿ ಮಾತ್ರೆ ಶುರು ಮಾಡಿದ್ದಾರೆ. ಅವರ ಕಫ ಇನ್ನೂ ಕಲ್ಚರ್‌ಗೆ ಹೋಗಿಲ್ಲ.

ಇಂತಿ,
ಮಂಡ್ಯದ ಆಲೆಮನೆ ಕೆಲಸಗಾರರೊಬ್ಬರ ಮಗಳು