ನೀರುನಾಯಿ ಕಾಯುವ ಕೆಲಸ ತೆಪ್ಪದವರಿಗೆ ಕೊಡಿ

ಮಾನ್ಯ ಸಂಪಾದಕರೇ,

ಮಗ ಮಲೇಷ್ಯಾದಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದ. ದೊಡ್ಡ ದೊಡ್ಡ ಕಟ್ಟಡ ಬೇಡಪ್ಪ, ಹಕ್ಕಿ ಇರುವ ಕಡೆ ಕರ್ಕೊಂಡು ಹೋಗು ಅಂದೆ. ಬೋರ್ನಿಯೋ ದ್ವೀಪದ ಸಬಾ ರಾಜ್ಯದಲ್ಲಿ ಕಿನಬತಾಂಗನ್ ಅಂತ ಒಂದು ನದಿ ಇದೆ, 560 ಕಿ.ಮೀ. ಉದ್ದ. ಅದರ ದಡದ ಸುಕಾವ್ ಎಂಬ ಹಳ್ಳಿಯಲ್ಲಿ ಎರಡು ರಾತ್ರಿ ಉಳಿದೆವು.

ನಮ್ಮ ತುಂಗಭದ್ರಾ ಹೊಳೆಗೆ ಹೊಸ ನೀರು ಬಂದಾಗ ಇರುತ್ತಲ್ಲ, ಅದೇ ಕೆಂಪು ನೀರು. ಎರಡೂ ದಡಕ್ಕೆ ಮಳೆಕಾಡು. ಸಂಜೆ ಸಣ್ಣ ದೋಣಿಯಲ್ಲಿ ಹೊರಟರೆ ಮರದ ತುಂಬ ಉದ್ದ ಮೂಗಿನ ಕೋತಿಗಳು, ಬೋರ್ನಿಯೋ ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ, ಗಂಡಿಗೆ ಮೂಗು ಬಾಯಿ ಮೇಲೇ ಜೋತಾಡುತ್ತದೆ. ಎಂಟು ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿವೆಯಂತೆ, ನಾವು ಕಂಡಿದ್ದು ಮೂರು. ಮಂಗಟ್ಟೆ ಕಾಣುವ ಮೊದಲೇ ಅದರ ರೆಕ್ಕೆಯ ಸದ್ದು ಕೇಳುತ್ತದೆ.

ಎರಡನೇ ದಿನ ಬೆಳಿಗ್ಗೆ ದೋಣಿಯವನು ಇಂಜಿನ್ ನಿಲ್ಲಿಸಿ ಕೈ ತೋರಿಸಿದ. ಐದು ತಲೆ ನೀರಿನ ಮೇಲೆ. ನನ್ನ ಹೆಂಡತಿ ‘ಇವು ನಮ್ಮ ಆನೆಗೊಂದಿಯವು ಅಲ್ಲೇನ್ರೀ’ ಅಂದಳು. ಹೌದು, ತುಂಗಭದ್ರೆ ದಡದ ನಮ್ಮ ಆನೆಗೊಂದಿಯಲ್ಲಿ ಕಾಣುವ ಅದೇ ನೀರುನಾಯಿ, ಅದೇ ಜಾತಿ! ಅಷ್ಟು ದೂರ ಹೋಗಿ ನಮ್ಮೂರಿನ ಪ್ರಾಣಿ ನೋಡಿ ಕಣ್ಣು ತುಂಬಿ ಬಂತು.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ದಡದ ಕಾಡು ದಾಟಿದರೆ ತಾಳೆ ಎಣ್ಣೆ ತೋಟಗಳೇ. ಕಾಡು ಸಣ್ಣದಾಗಿ ಪ್ರಾಣಿಗಳೆಲ್ಲ ಹೊಳೆ ಪಕ್ಕಕ್ಕೆ ಬಂದು ನಿಂತಿವೆ, ನಮ್ಮಂಥವರಿಗೆ ಅಷ್ಟು ಸುಲಭವಾಗಿ ಕಾಣುವುದು ಅದಕ್ಕೇ. 2005ರಲ್ಲಿ ಸುಮಾರು 26,000 ಹೆಕ್ಟೇರ್ ಅಭಯಾರಣ್ಯ ಮಾಡಿದರು, ಅದೂ ತುಂಡು ತುಂಡಾಗಿ. ಒರಾಂಗುಟಾನ್‌ಗಳು ಉಪನದಿ ದಾಟಲಿ ಅಂತ ಹಗ್ಗದ ಸೇತುವೆ ಕಟ್ಟಿದ್ದಾರೆ. ಆದರೆ ನಮ್ಮ ದೋಣಿಯವನು ಅದೇ ಹಳ್ಳಿಯವನು. ಹಕ್ಕಿ ತೋರಿಸಿಯೇ ಮನೆ ನಡೆಸುತ್ತಾನೆ. ಹೊಳೆಗೆ ಯಾರಾದರೂ ಕೇಡು ಮಾಡಿದರೆ ಅವನು ಸುಮ್ನೆ ಇರುತ್ತಾನಾ?

ಈಗ ನಮ್ಮ ತುಂಗಭದ್ರೆಗೆ ಬನ್ನಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲೇ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಸರ್ಕಾರ ಘೋಷಿಸಿದೆ. ದೇಶದಲ್ಲೇ ಮೊದಲನೆಯದು. ಗಂಗಾವತಿಯ ನಮ್ಮ ಬೀದಿಯಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ. ಬಂಡೆಗಳ ಸಂದಿಯಲ್ಲಿ ಅವುಗಳ ಗೂಡು, ಚಳಿಗಾಲದಲ್ಲಿ ಮರಿ. ಅಂಥ ಹೊತ್ತಿನಲ್ಲೇ, ನಸುಕಿನಲ್ಲಿ, ಸಿಡಿಮದ್ದು ಹಾಕಿ ಮೀನು ಹಿಡಿಯುವ ಸದ್ದನ್ನು ನಾನೇ ಎರಡು ಸಲ ಕೇಳಿದ್ದೇನೆ. ದೊಡ್ಡ ಮೀನು, ಮರಿ ಮೀನು ಅಂತ ಭೇದವಿಲ್ಲ, ಎಲ್ಲ ಸಾಯುತ್ತವೆ, ಎಷ್ಟೋ ತಳಕ್ಕೆ ಇಳಿದು ಹಿಡಿದವನಿಗೂ ಸಿಗದೆ ಕೊಳೆಯುತ್ತವೆ, ಬಲೆ ಹಾಕಿ ಬದುಕುವ ಬಡ ಮೀನುಗಾರನಿಗೆ ಮಾರನೇ ದಿನ ಏನೂ ಉಳಿಯುವುದಿಲ್ಲ, ನೀರುನಾಯಿಗೂ ಉಳಿಯುವುದಿಲ್ಲ. ಒಂದು ಕಚೇರಿಗೆ ಹೋಗಿ ಹೇಳಿದೆ. ಜಾಗ ಯಾರ ವ್ಯಾಪ್ತಿಗೆ ಬರುತ್ತೆ ನೋಡಬೇಕು ಅಂದು ಕಳಿಸಿದರು.

ನನ್ನ ಮನವಿ ಇಷ್ಟೇ. ತೆಪ್ಪ ನಡೆಸುವವರಿಗೆ, ಮೀನುಗಾರರ ಹುಡುಗರಿಗೆ ತರಬೇತಿ ಕೊಡಿ. ನೀರುನಾಯಿ, ಹಾವಕ್ಕಿ, ಮೊಸಳೆ ತೋರಿಸಲು, ಎಣಿಸಲು, ಕಾಯಲು ಅವರನ್ನೇ ನೇಮಿಸಿ ಸಂಬಳ ಕೊಡಿ. ಯಾವ ಮಡುವಿನಲ್ಲಿ ಏನಿದೆ ಅಂತ ಅವರಷ್ಟು ಬಲ್ಲವರು ಇಲ್ಲ. ಹಂಪಿಗೆ ಬರುವ ಜನ ಜಾಸ್ತಿ, ನೋಡುವವರಿಗೇನೂ ಕೊರತೆಯಾಗದು. ಕಲ್ಲು ಕ್ವಾರಿಯ ಸಿಡಿಮದ್ದು ಹೊಳೆಗೆ ಹೇಗೆ ಬರುತ್ತಿದೆ ಅನ್ನುವುದನ್ನೂ ಪೊಲೀಸರು ತನಿಖೆ ಮಾಡಲಿ.

ಅಧಿಕಾರಿಗಳು ಯಾರಾದರೂ ಬಂದರೆ ಸದ್ದು ಕೇಳಿದ ಜಾಗ ತೋರಿಸಲು ನಾನು ತಯಾರು. ಬೆಳಗಿನ ಆರು ಗಂಟೆಗೆ ಆನೆಗೊಂದಿ ಘಾಟಿನಲ್ಲಿ ಇರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ಗಂಗಾವತಿ, ಕೊಪ್ಪಳ ಜಿಲ್ಲೆ